ಪದವಿ ತರಗತಿಗಳಲ್ಲಿ ಇತಿಹಾಸದ ಪಾಠಕ್ರಮ

‘ಇತಿಹಾಸ’ವೆಂಬ ಶಬ್ದವನ್ನು ಪೂರ್ವಿಕರು ಇತಿ, ಹ, ಆಸ ಎಂದು ಮೂರಾಗಿ ಬಿಡಿಸಿ, ‘ಹೀಗೆಯೇ ಇದ್ದಿತು’ ಎಂದು ಅರ್ಥ ಹೇಳಿರುವರು. ಛಾಂದೋಗ್ಯೋಪನಿಷತ್ತಿನಲ್ಲಿ ನಾರದನು ಸನತ್ಕುಮಾರನೆದುರು ತಾನು ಕಲಿತ ವಿದ್ಯೆಗಳನ್ನು ಎಣಿಸುವಾಗ ಇತಿಹಾಸಪುರಾಣವನ್ನು ಐದನೆಯ ವೇದವೆಂದು ಗಣಿಸಿರುವನು. ಇಷ್ಟು ಗೌರವಕ್ಕೆ ಪಾತ್ರವಾದ ಈ ವಿದ್ಯೆಯನ್ನು ವಿಶ್ವವಿದ್ಯಾನಿಲಯದ ಪದವಿ ತರಗತಿಗಳಲ್ಲಿ ಯಾವ ಕ್ರಮದಿಂದ ಕಲಿಸತಕ್ಕದ್ದು, ಮೊದಲು ಯಾವುದು, ಅನಂತರ ಯಾವುದು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಕಚೇರಿಯ ಕಾಗದಪತ್ರಗಳ ವಿಷಯದಂತೆ ತೋರುವುದು. ಆದರೆ ಶಿರಸಿ ತಾಲ್ಲೂಕಿನ ದಾಸನಕೊಪ್ಪದಂತಹ ಊರಿನಿಂದ ಕಾಲೇಜಿಗೆ ಹೊರಡುವ ವಿದ್ಯಾರ್ಥಿಯು ತನ್ನ ಮನೆಯಲ್ಲಿ ಕೇಳಿದ ಹಳೆಯ ಕಥೆಯನ್ನು ತೂಗಿ ನೋಡಲು ಸಮರ್ಥನಾಗುವನೋ ಇಲ್ಲವೋ ಎಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಉನ್ನತ ವಿದ್ಯಾಭ್ಯಾಸವು ಈ ಸೀಮೆಗೆ ಹೊಸದಲ್ಲ. ಬನವಾಸಿಯ ಕದಂಬರಾಜ್ಯದ ಮೂಲಪುರುಷನಾದ ಮಯೂರಶರ್ಮನು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ಓದಲು ಹೋಗಿದ್ದನೆಂದು ತಾಳಗುಂದದ ಸ್ತಂಭಶಾಸನವು ತಿಳಿಸುತ್ತದೆ. ಬಳ್ಳಿಗಾವೆಯ ಕೋಡಿಯಮಠದಲ್ಲಿ ಯಾವ ಯಾವ ವಿದ್ಯೆಗಳು ನಡೆಯುತ್ತಿದ್ದವೆಂಬುದನ್ನು 1162ರ ಶಾಸನವೊಂದು ಪಟ್ಟಿಯಾಗಿಯೇ ಕೊಟ್ಟಿದೆ. ನಾಲ್ಕು ವೇದಗಳು, ಬಗೆಬಗೆಯ ವ್ಯಾಕರಣಗಳು, ಷಡ್ದರ್ಶನಗಳು, ಪುರಾಣಗಳು, ಧರ್ಮಶಾಸ್ತ್ರಗಳು, ಕಾವ್ಯನಾಟಕಗಳು ಎಲ್ಲವೂ ಅದರಲ್ಲಿ ಉಂಟು. ಅದನ್ನು ಒಂದು ಪಾಠಕ್ರಮವೆನ್ನಲು ಅಡ್ಡಿಯಿಲ್ಲ. ಆದರೆ ರಾಜರ ಕಾಲವನ್ನು ನಿರ್ಣಯಿಸುವ, ಸಾಕ್ಷ್ಯವನ್ನು ಪರೀಕ್ಷಿಸುವ ಶಾಸ್ತ್ರವಾಗಿ ಇತಿಹಾಸಕ್ಕೆ ಅಲ್ಲಿ ಪ್ರತ್ಯೇಕವಾದ ಪೀಠವಿರಲಿಲ್ಲ. ಸಾಕ್ಷ್ಯವನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟವರು ಅದನ್ನು ಪಾಠವಾಗಿ ಮಾಡಿಕೊಳ್ಳಲಿಲ್ಲ.

ಆ ಪೀಠವು ಬಂದುದು ಪಶ್ಚಿಮದ ಮಾದರಿಯ ವಿಶ್ವವಿದ್ಯಾನಿಲಯಗಳೊಡನೆ. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ಮೂರು ವಿಶ್ವವಿದ್ಯಾನಿಲಯಗಳೂ ಲಂಡನ್ನಿನ ಮಾದರಿಯನ್ನು ಅನುಸರಿಸಿ, ಪಾಠ ಹೇಳುವುದನ್ನು ಕಾಲೇಜುಗಳಿಗೆ ಬಿಟ್ಟು, ಪರೀಕ್ಷೆ ನಡೆಸಿ ಪದವಿ ಕೊಡುವುದನ್ನೇ ಮುಖ್ಯ ಕಾರ್ಯವಾಗಿ ಇಟ್ಟುಕೊಂಡವು. ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತು. ಅಲ್ಲಿಯ ವಿದ್ಯಾರ್ಥಿಯು ಬರೆಯಬೇಕಾದುದು ಮುಂಬಯಿಯ ಪರೀಕ್ಷೆಯನ್ನೇ. ಪರೀಕ್ಷೆಯು ಮೊದಲು, ಪಾಠವು ಆಮೇಲೆ ಎಂಬ ಈ ವ್ಯವಸ್ಥೆಯಲ್ಲಿ ಇತಿಹಾಸವೆಂದರೆ ನೇಮಿಸಿದ ಪುಸ್ತಕ, ಪುಸ್ತಕವೆಂದರೆ ಸಂಭಾವ್ಯ ಪ್ರಶ್ನೆಗಳು ಎಂದಾಯಿತು. ಇಂಗ್ಲೆಂಡಿನ ರಾಜ್ಯಾಂಗದ ಬೆಳವಣಿಗೆಯನ್ನು ಬಾಯಿಪಾಠ ಮಾಡಿದವನು ವರದಾನದಿಯ ದಂಡೆಯ ಮಧುಕೇಶ್ವರಾಲಯದಲ್ಲಿರುವ ಪ್ರಾಕೃತಶಾಸನದ ನಾಗಶಿಲೆಯನ್ನು ಕಾಣದೆಯೇ ಪದವೀಧರನಾಗಬಹುದಾಗಿತ್ತು.

ಸಾಮಗ್ರಿ ಇರಲಿಲ್ಲವೆಂದಲ್ಲ. ಫ್ಲೀಟರು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿಯೂ, ರಾಮಕೃಷ್ಣ ಗೋಪಾಲ ಭಂಡಾರಕರರು ದಕ್ಖನ್ನಿನ ಪ್ರಾಚೀನ ಚರಿತ್ರೆಯನ್ನು 1884ರಲ್ಲಿಯೂ ಪ್ರಕಟಿಸಿದ್ದರು. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳು 1886ರಿಂದ 1905ರೊಳಗೆ ಹೊರಬಂದವು. ಜ್ಞಾನವು ಗ್ರಂಥಗಳಲ್ಲಿ ಸಂಗ್ರಹವಾಗಿದ್ದರೂ ತರಗತಿಯ ಬಾಗಿಲನ್ನು ದಾಟಲು ಬಹುಕಾಲ ಹಿಡಿಯಿತು. ಮದರಾಸಿನಲ್ಲಿ 1914ರಲ್ಲಿ ಭಾರತೀಯ ಇತಿಹಾಸ ಮತ್ತು ಪುರಾತತ್ತ್ವಕ್ಕೆ ಪ್ರಾಧ್ಯಾಪಕಪೀಠವು ಏರ್ಪಟ್ಟು ಎಸ್. ಕೃಷ್ಣಸ್ವಾಮಿ ಅಯ್ಯಂಗಾರರು ಅದನ್ನು ಅಲಂಕರಿಸಿದರು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪಾದ್ರಿ ಹೆರಾಸರು 1926ರಲ್ಲಿ ಇತಿಹಾಸ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿ, ಶಿಷ್ಯರನ್ನು ಪಠ್ಯಪುಸ್ತಕದಿಂದ ಮೂಲಸಾಮಗ್ರಿಯ ಕಡೆಗೆ ತಿರುಗಿಸಿದರು. ಜಾರ್ಜ್ ಮೊರೇಸರ ‘ಕದಂಬಕುಲ’ವೆಂಬ ಗ್ರಂಥವು 1931ರಲ್ಲಿ ಹೊರಬಂದುದು ಆ ಸಂಸ್ಥೆಯ ಗ್ರಂಥಮಾಲೆಯಲ್ಲಿಯೇ. ಪರೀಕ್ಷೆಯ ಕೊನೆಯಿಂದಲ್ಲದೆ ಸಾಕ್ಷ್ಯದ ಮೊದಲಿನಿಂದ ಪಾಠವನ್ನು ಕಟ್ಟಿದರೆ ಏನು ಫಲವೆಂಬುದಕ್ಕೆ ಬನವಾಸಿಯವರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಮೈಸೂರಿನ ಸಂಸ್ಥಾನವು 1916ರಲ್ಲಿ ತನ್ನದೇ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿತು. ಅದರ ಯೋಜನೆಗಾಗಿ ದುಡಿದವರಲ್ಲಿ ಸಿ. ಆರ್. ರೆಡ್ಡಿಯವರು ಕೇಂಬ್ರಿಜ್ಜಿನಲ್ಲಿ ಇತಿಹಾಸವನ್ನೇ ವ್ಯಾಸಂಗ ಮಾಡಿದವರು. ಆರಂಭದಲ್ಲಿ ರಾಧಾಕುಮುದ ಮುಖರ್ಜಿಯವರು ಅಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದರು. ಅನಂತರ ಎಂ. ಎಚ್. ಕೃಷ್ಣ ಅವರು ಪ್ರಾಧ್ಯಾಪಕತ್ವವನ್ನೂ ಪುರಾತತ್ತ್ವ ಇಲಾಖೆಯ ಅಧ್ಯಕ್ಷತೆಯನ್ನೂ ಒಟ್ಟಿಗೆ ವಹಿಸಿದುದರಿಂದ ಅಗೆಯುವವನೂ ಪಾಠ ಹೇಳುವವನೂ ಒಬ್ಬನೇ ಆದನು. ಎಸ್. ಶ್ರೀಕಂಠಶಾಸ್ತ್ರಿಗಳು 1940ರಲ್ಲಿ ಕರ್ನಾಟಕ ಇತಿಹಾಸದ ಆಕರಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿ ಅಧ್ಯಾಪಕರ ಕೈಗೆ ಸಲಕರಣೆಯೊಂದನ್ನು ಕೊಟ್ಟರು. ಕುವೆಂಪು ಅವರು 1956ರಿಂದ 1960ರ ವರೆಗೆ ಉಪಕುಲಪತಿಗಳಾಗಿದ್ದಾಗ ಪದವಿ ತರಗತಿಗಳಿಗೆ ಕನ್ನಡ ಮಾಧ್ಯಮದ ದಾರಿಯು ತೆರೆಯಿತು.

ಇತ್ತ ಕರ್ನಾಟಕ ವಿಶ್ವವಿದ್ಯಾನಿಲಯವು 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ಉತ್ತರ ಕನ್ನಡದ ಕಾಲೇಜುಗಳು ಅದರ ಆಶ್ರಯಕ್ಕೆ ಸೇರಿದವು. ಈಚೆಗೆ 2021ರಲ್ಲಿ ರಾಷ್ಟ್ರೀಯ ಶಿಕ್ಷಣನೀತಿಯನ್ನು ಅನುಸರಿಸಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಯು ಜಾರಿಗೆ ಬಂದಿತು. 2024ರಲ್ಲಿ ಮೂರು ವರ್ಷದ ಪದವಿಯೇ ಮರಳಿತು. ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಚರ್ಚೆಗೆ ದೊರೆತ ಗಮನವು ಆ ವರ್ಷಗಳೊಳಗೆ ಪಾಠದ ಕ್ರಮವೇನೆಂಬುದಕ್ಕೆ ದೊರೆಯಬೇಕು. ಪಾತ್ರೆಯ ಅಳತೆಯನ್ನು ಬದಲಿಸಿದ ಮಾತ್ರಕ್ಕೆ ಅಡಿಗೆಯು ಪಕ್ವವಾಗದು.

ಕ್ರಮವನ್ನು ಹೀಗೆ ಯೋಚಿಸಬಹುದು. ಮೊದಲ ವರ್ಷದಲ್ಲಿ ಕೈಗೆಟಕುವ ಊರುಕೇರಿಗಳ ಮೂಲಕ ಸಾಕ್ಷ್ಯಪರೀಕ್ಷೆ. ಎರಡನೆಯದರಲ್ಲಿ ಭಾರತದ ಸಮಗ್ರಚಿತ್ರ. ಮೂರನೆಯದರಲ್ಲಿ ಲೋಕದ ಇತರ ಜನಾಂಗಗಳೊಡನೆ ಹೋಲಿಕೆ ಮತ್ತು ಒಂದು ಸ್ವತಂತ್ರ ಪ್ರಬಂಧ. ಊರಿನಿಂದ ಆರಂಭಿಸಿದರೆ ದೃಷ್ಟಿಯು ಸಂಕುಚಿತವಾಗುವುದೆಂಬ ಆಕ್ಷೇಪವು ಅಲಕ್ಷ್ಯಾರ್ಹವಲ್ಲ. ಸ್ಥಳಾಭಿಮಾನವು ಇತಿಹಾಸವನ್ನು ಸ್ತುತಿಪಾಠವನ್ನಾಗಿ ಮಾಡುವುದುಂಟು. ಆದರೆ ಅದಕ್ಕೆ ಔಷಧವು ಊರನ್ನು ಬಿಡುವುದಲ್ಲ, ಊರಿನ ಸಾಕ್ಷ್ಯವನ್ನೇ ನಿಷ್ಠುರವಾಗಿ ಪರೀಕ್ಷಿಸುವುದು.

ಮಯೂರಶರ್ಮನ ವಿಷಯವನ್ನೇ ತೆಗೆದುಕೊಳ್ಳಬಹುದು. ಚಂದ್ರವಳ್ಳಿಯಲ್ಲಿ ಅವನ ಹೆಸರಿನ ಚಿಕ್ಕ ಪ್ರಾಕೃತಶಾಸನವೊಂದಿದೆ; ಅದರ ಪಾಠದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ತಾಳಗುಂದದ ಶಾಸನವು ಅವನಿಗಿಂತ ಸುಮಾರು ಒಂದು ಶತಮಾನ ಈಚಿನದು, ಅವನ ವಂಶಜರ ಆಶ್ರಯದಲ್ಲಿದ್ದ ಕವಿ ಕುಬ್ಜನ ಸಂಸ್ಕೃತರಚನೆ. ಅದಕ್ಕೂ ಎಷ್ಟೋ ಶತಮಾನಗಳ ತರುವಾಯದ ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಕದಂಬ ಮೂಲಪುರುಷನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದ ಕಥೆಯು ಕಾಣಿಸಿಕೊಳ್ಳುವುದು. ಮೂರನ್ನೂ ಸಾಲಾಗಿ ಇಟ್ಟು ಯಾರು, ಎಂದು, ಯಾರಿಗಾಗಿ ಬರೆದರೆಂದು ಕೇಳುವುದನ್ನು ಕಲಿತ ವಿದ್ಯಾರ್ಥಿಯು ಮುಂದೆ ಯಾವ ದೇಶದ ಚರಿತ್ರೆಯನ್ನು ಓದಿದರೂ ಮೋಸಹೋಗನು. ನೇಮಿಸಿದ ಒಂದೇ ಪುಸ್ತಕವನ್ನು ನಂಬುವುದೂ ಸಲ್ಲದು. ಮೊರೇಸರ ಗ್ರಂಥವು ಅಚ್ಚಾದ ಐದು ವರ್ಷಗಳ ಮೇಲೆ ಹಲ್ಮಿಡಿಯ ಶಾಸನವು ಬೆಳಕಿಗೆ ಬಂದಿತು. ಬನವಾಸಿಯ ನೆರೆಯ ಗುಡ್ನಾಪುರದಲ್ಲಿ ರವಿವರ್ಮನ ಶಾಸನವು ದೊರೆತುದು ಇನ್ನೂ ಈಚೆಗೆ. ಪುಸ್ತಕವು ಹಳತಾಗುವುದು, ಪರೀಕ್ಷಿಸುವ ವಿಧಾನವು ಉಳಿಯುವುದು.

ಅಹಿಚ್ಛತ್ರದ ಕಥೆಯು ಘಟ್ಟದ ಮೇಲಿನ ಹವ್ಯಕರ ಮನೆಗಳಲ್ಲಿ ಇಂದಿಗೂ ಹೇಳುವ ಐತಿಹ್ಯವಾಗಿದೆ. ತಾಳಗುಂದದ ಸ್ತಂಭಶಾಸನದಲ್ಲಿ ಅದರ ಪ್ರಸ್ತಾಪವಿಲ್ಲ. ಇದನ್ನು ತರಗತಿಯಲ್ಲಿ ಕೇಳಿದ ತರುಣನು ಹಬ್ಬಕ್ಕೆ ಮನೆಗೆ ಬಂದಾಗ ಅಜ್ಜನೆದುರು ಏನು ಹೇಳಬೇಕು? ಕಥೆಯು ಸುಳ್ಳೆಂದು ನಗುವವನಿಗೂ, ಕೇಳಿದುದೆಲ್ಲ ನಿಜವೆಂದು ತಲೆದೂಗುವವನಿಗೂ ಪದವಿಯು ಸಾರ್ಥಕವಾಗಲಿಲ್ಲವೆಂದೇ ಹೇಳಬೇಕಾಗುವುದು. ಆ ಕಥೆಯು ಯಾವ ಕಾಲದಲ್ಲಿ ಹುಟ್ಟಿತು, ಯಾವ ಅಗತ್ಯಕ್ಕಾಗಿ ಹುಟ್ಟಿತು ಎಂದು ಅಜ್ಜನ ಪಕ್ಕದಲ್ಲಿಯೇ ಕುಳಿತು ವಿನಯದಿಂದ ವಿಚಾರಿಸಬಲ್ಲವನು ‘ಹೀಗೆಯೇ ಇದ್ದಿತು’ ಎಂಬ ಮಾತನ್ನು ಆಡುವ ಅಧಿಕಾರವನ್ನು ಪಡೆದವನು. ಪಾಠಕ್ರಮವನ್ನು ರಚಿಸುವ ಮಂಡಲಿಗಳು ವರ್ಷಗಳ ಲೆಕ್ಕಕ್ಕಿಂತ ಮೊದಲು ಆ ತರುಣನನ್ನು ಕಣ್ಣೆದುರು ಇಟ್ಟುಕೊಳ್ಳುವುದು ಉಚಿತವಾಗಿದೆ.