ಎಲ್ಲಿಂದಲೋ ಬಂದ ದುಡ್ಡು

ನಮ್ಮ ಕ್ಲಾಸಲ್ಲಿ ಒಬ್ಬಳಿದ್ದಾಳೆ. ಬಸ್ ಪಾಸ್ ತೊಂದರೆ ಇರಲಿ, ಫೀಸ್ ತೊಂದರೆ ಇರಲಿ, ಎಲ್ರೂ ಅವಳ ಮುಖ ನೋಡ್ತೀವಿ. ಅವಳು ಹೋಗಿ ಮಾತಾಡ್ತಾಳೆ, ನಾವು ಗ್ರೂಪಲ್ಲಿ 👏 ಹಾಕ್ತೀವಿ. ಇವತ್ತಿನ ಕಥೆ ಓದುವಾಗ ನಂಗೆ ಅದೇ ನೆನಪಾಗ್ತಿತ್ತು.

ರೋಸಾ ಪಾರ್ಕ್ಸ್ ಬಗ್ಗೆ ನಮಗೆ ಗೊತ್ತಿರೋದು ಇಷ್ಟು: ದಣಿದಿದ್ದ ಹೊಲಿಗೆ ಕೆಲಸದ ಹೆಂಗಸು, ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ, ಅಮೆರಿಕ ಬದಲಾಯ್ತು. ನಿಜ ಏನಂದ್ರೆ ಅವರು ಪಕ್ಕಾ ಹೋರಾಟಗಾರ್ತಿ. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಮಾಂಟ್‌ಗೊಮರಿ ಶಾಖೆಗೆ ವರ್ಷಗಟ್ಟಲೆ ಕಾರ್ಯದರ್ಶಿಯಾಗಿದ್ದವರು.

ಇನ್ನೊಂದು ವಿಷಯ. ಅದೇ ಊರು, ಅದೇ 1955, ಮಾರ್ಚ್ 2. ಸ್ಕೂಲಿಂದ ಮನೆಗೆ ಹೊರಟಿದ್ದ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಕೂಡ ಸೀಟು ಬಿಡದೆ ಕೂತಿದ್ದಳು. ಪೊಲೀಸರು ಬಂಧಿಸಿದರು. ಮುಖಂಡರು ಅಧಿಕಾರಿಗಳ ಜೊತೆ ಮಾತುಕತೆ ನಡೆಸಿದರು. ಜನ ಮಾತ್ರ ಎಂದಿನ ಹಾಗೆ ಬಸ್ ಹತ್ತಿದರು. ಹುಡುಗಿಯ ಧೈರ್ಯ ಯಾವುದಕ್ಕೂ ಕಡಿಮೆ ಇರಲಿಲ್ಲ, ಅಲ್ವಾ?

ಡಿಸೆಂಬರ್ 1ಕ್ಕೆ ಪಾರ್ಕ್ಸ್ ಬಂಧನ. ಅವತ್ತು ರಾತ್ರಿ ಜೋ ಆನ್ ರಾಬಿನ್ಸನ್ ಅನ್ನೋ ಕಾಲೇಜಿನ ಇಂಗ್ಲಿಷ್ ಮೇಡಂ, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ಸ್ಟೂಡೆಂಟ್ಸ್ ಜೊತೆ ಕೂತು ಸಾವಿರಾರು ಕರಪತ್ರ ಅಚ್ಚು ಹಾಕಿದರು. ಸೋಮವಾರ ಬಸ್ ಹತ್ತಬೇಡಿ, ಅಷ್ಟೇ ವಿಷಯ. ಆ ಊರಿನ ಬಸ್ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ. ಸೋಮವಾರ, ಡಿಸೆಂಬರ್ 5, ಬಸ್ಸುಗಳು ಹೆಚ್ಚುಕಮ್ಮಿ ಖಾಲಿ ಓಡಿದವು. ಒಂದು ದಿನ ಅಂದುಕೊಂಡಿದ್ದು 381 ದಿನ ನಡೀತು.

381 ದಿನ ಅಂತ ಬರೆಯೋದು ಸುಲಭ. ಬಿಳಿಯರ ಮನೆಗಳಲ್ಲಿ ಅಡುಗೆ ಮಾಡ್ತಿದ್ದವರು, ಬಟ್ಟೆ ಒಗೀತಿದ್ದವರು ದಿನಾ ಮೈಲುಗಟ್ಟಲೆ ನಡೆದರು. ಕಪ್ಪು ಟ್ಯಾಕ್ಸಿ ಡ್ರೈವರ್‌ಗಳು ಬಸ್ ಚಾರ್ಜಿನಷ್ಟೇ, 10 ಸೆಂಟ್‌ಗೆ ಕರ್ಕೊಂಡು ಹೋಗತೊಡಗಿದರು; ಕನಿಷ್ಠ 45 ಸೆಂಟ್ ತಗೊಳ್ಳಲೇಬೇಕು ಅಂತ ಆಡಳಿತ ಅದನ್ನೂ ತಡೆಯಿತು. ಆಮೇಲೆ ಜನ ತಮ್ಮ ಕಾರುಗಳನ್ನೇ ಕೊಟ್ಟರು, ಸುಮಾರು 300 ಕಾರು. (ತಮಾಷೆ ಅಂದ್ರೆ, ಕೆಲಸದವರಿಲ್ಲದೆ ಮನೆ ನಡೆಯದೆ ಕೆಲವು ಬಿಳಿ ಯಜಮಾನಿಯರೇ ಕಾರಲ್ಲಿ ಹೋಗಿ ಅವರನ್ನ ಕರ್ಕೊಂಡು ಬರ್ತಿದ್ರು. ಮೇಯರ್ ಆ ಹೆಂಗಸರನ್ನೂ ಬೈದ.)

ಅಷ್ಟು ಕಾರಿಗೆ ಪೆಟ್ರೋಲ್ ಎಲ್ಲಿಂದ? ಇಲ್ಲಿ ಬರ್ತಾರೆ ನನ್ನ ಫೇವರಿಟ್, ಜಾರ್ಜಿಯಾ ಗಿಲ್ಮೋರ್. ಹೋಟೆಲಲ್ಲಿ ಅಡುಗೆಯವರು, ಆರು ಮಕ್ಕಳ ತಾಯಿ. ಬಹಿಷ್ಕಾರ ಶುರುವಾಗೋ ಮೊದಲೇ ಅವರು ಬಸ್ ಬಿಟ್ಟಿದ್ದರು. ಒಬ್ಬ ಡ್ರೈವರ್ ದುಡ್ಡು ಇಸ್ಕೊಂಡು, ಇಳಿದು ಹಿಂದಿನ ಬಾಗಿಲಿಂದ ಹತ್ತು ಅಂದ. ಇಳಿದ ಕೂಡಲೇ ಬಸ್ ಬಿಟ್ಕೊಂಡು ಹೋದ.

ಗಿಲ್ಮೋರ್ ಪರಿಚಯದ ಹೆಂಗಸರನ್ನ ಸೇರಿಸಿದರು. ಕೇಕು, ಪೈ, ಕರಿದ ಚಿಕನ್ ಮನೇಲಿ ಮಾಡಿ ಮಾರೋದು. ಬಂದ ದುಡ್ಡನ್ನ ಚರ್ಚಿನ ಸಭೇಲಿ ಚಳವಳಿಗೆ ಕೊಡೋದು. ಯಾರು ಬೇಯಿಸಿದ್ದು ಅಂತ ಗೊತ್ತಾದ್ರೆ ಮಾರನೇ ದಿನ ಕೆಲಸ ಹೋಗೋದು ಖಂಡಿತ. ಅದಕ್ಕೇ ಗುಂಪಿನ ಹೆಸರು ‘ಕ್ಲಬ್ ಫ್ರಮ್ ನೋವೇರ್’. ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ರೆ, ಎಲ್ಲಿಂದಲೂ ಇಲ್ಲ! ಹೆಸರುಗಳು ಗಿಲ್ಮೋರ್ ಒಬ್ಬರಿಗೇ ಗೊತ್ತು. ಅವರು ಸಭೆಯಲ್ಲಿ ಎದ್ದು ಈ ವಾರದ ಮೊತ್ತ ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೀತಿದ್ರು.

ಎಲ್ರೂ ವೇದಿಕೆ ಹತ್ತಲೇಬೇಕು ಅಂತ ನಾನು ಹೇಳಲ್ಲ. ಆ ಹೆಂಗಸರಿಗೆ ಹತ್ತೋ ಹಾಗಿರಲಿಲ್ಲ, ಮನೇಲಿ ಮಕ್ಕಳಿದ್ದವು. ಆದ್ರೂ ಇದೆಲ್ಲ ಕಿಂಗ್ ನೋಡ್ಕೋತಾರೆ ಅಂತ ಕೂರಲಿಲ್ಲ. ಆಗ ಮಾರ್ಟಿನ್ ಲೂಥರ್ ಕಿಂಗ್‌ಗೆ ಬರೀ 26 ವರ್ಷ, ಊರಿಗೆ ಹೊಸಬರು. ಆ ಜನ ಬಸ್ ಹತ್ತಿದ್ದಿದ್ರೆ ಅವರ ಭಾಷಣ ಏನು ಮಾಡ್ತಿತ್ತು?

1956ರ ಮಾರ್ಚಲ್ಲಿ ಕಿಂಗ್ ಮೇಲೆ ಕೇಸ್ ನಡೆದಾಗ ಗಿಲ್ಮೋರ್ ಕೋರ್ಟಿಗೆ ಹೋಗಿ ಬಸ್ಸಿನ ಅವಮಾನವನ್ನ ತಮ್ಮದೇ ಹೆಸರಲ್ಲಿ ಹೇಳಿದರು. ಕೆಲಸ ಹೋಯ್ತು. ಆಮೇಲೆ ಕಿಂಗ್ ನೆರವಿಂದ ಮನೆಯಲ್ಲೇ ಅಡುಗೆ ಮಾಡಿ ಬಡಿಸತೊಡಗಿದರು. ಚಳವಳಿಯ ಎಷ್ಟೋ ಮಾತುಕತೆ ಆ ಊಟದ ಮೇಜಲ್ಲೇ ನಡೆದವು. ಡಿಸೆಂಬರಲ್ಲಿ ಬಹಿಷ್ಕಾರ ಮುಗೀತು. ಬಸ್ಸಿನ ಭೇದಭಾವವನ್ನ ಸುಪ್ರೀಂ ಕೋರ್ಟ್‌ನಲ್ಲಿ ಬೀಳಿಸಿದ ಕೇಸಿನ ನಾಲ್ಕು ಹೆಂಗಸರಲ್ಲಿ ಒಬ್ಬಳು ಯಾರು ಗೊತ್ತಾ? ಮಾರ್ಚಲ್ಲಿ ಒಂಟಿಯಾಗಿ ಕೂತಿದ್ದ ಕ್ಲಾಡೆಟ್.

ಗಿಲ್ಮೋರ್ ತೀರಿಕೊಂಡಿದ್ದು 1990ರ ಮಾರ್ಚಲ್ಲಿ. ಸೆಲ್ಮಾ ಮೆರವಣಿಗೆಗೆ 25 ವರ್ಷ ತುಂಬಿದ ನೆನಪಿಗೆ ನಡೆದು ಬರೋರಿಗೆ ಅಂತ ಅವತ್ತೂ ಅಡುಗೆ ಮಾಡ್ತಿದ್ರು. ಸಾವಿಗೆ ಬಂದವರಿಗೆ ಮನೆಯವರು ಅದೇ ಅಡುಗೆ ಬಡಿಸಿದರು.