ದುಡ್ಡು ಕೊಟ್ಟ ದುರ್ಯೋಧನನೂ ಸೋಲಲೇಬೇಕು: ರೋಲ್‌ಪ್ಲೇ ಸರ್ವರ್‌ಗಳ ಬ್ಯಾಲೆನ್ಸ್ ಮತ್ತು ಸಂಬಳವಿಲ್ಲದ ಅಡ್ಮಿನ್‌ಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ‘ಕುರುಕ್ಷೇತ್ರ’ ನಾಟಕ ಆಡಿಸೋದು ಹೇಗೆ ಅಂತ ಹೇಳಿಕೊಡಬೇಕಾಗಿಲ್ಲ. ಊರಿನವರೇ ಪಾತ್ರಧಾರಿಗಳು. ಅವರಿಗೆ ಸಂಬಳ ಇಲ್ಲ, ಬದಲಿಗೆ ಅವರೇ ಒಂದೊಂದು ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟುತ್ತಾರೆ. ಕೃಷ್ಣ, ದುರ್ಯೋಧನ ದುಬಾರಿ. ಸಣ್ಣ ಪಾತ್ರ ಅಗ್ಗ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ, ಲೈಟು, ಮೈಕು, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕರೆಸುವ ಕಲಾವಿದೆಯರ ಖರ್ಚು, ಎಲ್ಲವೂ ಆ ದುಡ್ಡಿನಿಂದಲೇ. ಕೃಷ್ಣನ ಪಾತ್ರಕ್ಕೆ ಮೂರು ಜನ ಪಟ್ಟು ಹಿಡಿದರೆ ದೃಶ್ಯ ಹಂಚಿ ಮೂರು ಕೃಷ್ಣರನ್ನು ಮಾಡುತ್ತಾರೆ.

ಆದರೆ ಎಷ್ಟೇ ದುಡ್ಡು ಕಟ್ಟಿದರೂ ಒಂದು ಬದಲಾಗಲ್ಲ. ಬೆಳಗಿನ ಜಾವ ಭೀಮನ ಗದೆಗೆ ದುರ್ಯೋಧನನ ತೊಡೆ ಮುರಿಯಲೇಬೇಕು. ದುಡ್ಡು ಕೊಟ್ಟು ಪಾತ್ರ ತಗೋಬಹುದು, ಗೆಲುವು ತಗೊಳ್ಳೋಕಾಗಲ್ಲ.

ಇವತ್ತು ಮೊಬೈಲು, ಕಂಪ್ಯೂಟರುಗಳಲ್ಲಿ ನಡೆಯುವ ಆನ್‌ಲೈನ್ ರೋಲ್‌ಪ್ಲೇ ಸಮುದಾಯಗಳ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟೋದು ಈ ಒಂದು ಗೆರೆ ಅಳಿಸಿಹೋದಾಗ. ಅದನ್ನು ಕಾಯಬೇಕಾದವರು ಸಂಬಳವಿಲ್ಲದ ಸ್ವಯಂಸೇವಕರು. ಅವರಿಗೆ ಅಧಿಕಾರ ಎಲ್ಲಿಂದ ಬರುತ್ತೆ, ಅವರು ಯಾರಿಗೆ ಉತ್ತರ ಕೊಡಬೇಕು ಅನ್ನೋದು ಬರೀ ಆಟದ ಪ್ರಶ್ನೆ ಅಲ್ಲ.

ರೋಲ್‌ಪ್ಲೇ ಸಮುದಾಯ ಅಂದರೆ ಏನು?

ಸಾಮಾನ್ಯ ಆಟದಲ್ಲಿ ಗುರಿ ಗೆಲ್ಲೋದು. ರೋಲ್‌ಪ್ಲೇಯಲ್ಲಿ ಗುರಿ ಒಂದು ಪಾತ್ರವಾಗಿ ಬದುಕೋದು. ಒಬ್ಬ ಪೊಲೀಸ್, ಒಬ್ಬ ಟ್ಯಾಕ್ಸಿ ಡ್ರೈವರ್, ಒಬ್ಬ ಕಳ್ಳ, ಒಬ್ಬ ಡಾಕ್ಟರ್. ಕತೆ ಮೊದಲೇ ಬರೆದಿರಲ್ಲ, ಆಡುವವರೇ ಕಟ್ಟುತ್ತಾ ಹೋಗುತ್ತಾರೆ.

ಇದರ ಮೂಲ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ‘ಮಡ್’ ಎಂಬ ಆಟ ಕಟ್ಟಿದರು. ಚಿತ್ರ ಇಲ್ಲ, ಬರೀ ಅಕ್ಷರ. ಹಲವರು ಒಂದೇ ಲೋಕದೊಳಗೆ ಓಡಾಡಬಹುದಿತ್ತು. ಅದರಲ್ಲಿ ಮೇಲಿನ ಹಂತ ಮುಟ್ಟಿದವರಿಗೆ ‘ವಿಝರ್ಡ್’ ಪದವಿ, ಜೊತೆಗೆ ಬೇರೆಯವರಿಗಿಲ್ಲದ ಶಕ್ತಿಗಳು. ಚೆನ್ನಾಗಿ ಆಡಿದವನಿಗೇ ಅಧಿಕಾರ ಕೊಡುವ ಪದ್ಧತಿ ಅಲ್ಲಿಂದಲೇ ಶುರು. ಅದರ ತೊಡಕೂ ಅಲ್ಲಿಂದಲೇ ಬಂತು.

ಇವತ್ತು ಹೆಚ್ಚು ಹೆಸರಾಗಿರೋದು ಜಿಟಿಎ ರೋಲ್‌ಪ್ಲೇ. ‘ಫೈವ್‌ಎಂ’ ಎಂಬ ತಂತ್ರಾಂಶದ ಸಹಾಯದಿಂದ ಯಾರು ಬೇಕಾದರೂ ತಮ್ಮದೇ ಸರ್ವರ್ ತೆರೆದು, ತಮ್ಮದೇ ಕಾನೂನು ಹಾಕಬಹುದು. 2023ರ ಆಗಸ್ಟ್‌ನಲ್ಲಿ ಫೈವ್‌ಎಂ ಕಟ್ಟಿದ ತಂಡವನ್ನು ಜಿಟಿಎ ತಯಾರಿಸುವ ರಾಕ್‌ಸ್ಟಾರ್ ಕಂಪನಿಯೇ ತನ್ನೊಳಗೆ ಸೇರಿಸಿಕೊಂಡಿತು. ಆದರೆ ಒಂದೊಂದು ಸರ್ವರನ್ನು ನಡೆಸುವವರು ಈಗಲೂ ಖಾಸಗಿ ಜನ. ಡಿಸ್ಕಾರ್ಡ್‌ನಲ್ಲಿ ಗುಂಪು ಕಟ್ಟಿಕೊಂಡು, ಕಾಲೇಜು, ಕೆಲಸ ಮುಗಿಸಿ ರಾತ್ರಿ ಕೂರುವವರು.

ಬ್ಯಾಲೆನ್ಸ್: ಮೂರು ತಕ್ಕಡಿಗಳು

ಬ್ಯಾಲೆನ್ಸ್ ಅಂದರೆ ಯಾವ ಬಂದೂಕಿಗೆ ಎಷ್ಟು ಶಕ್ತಿ ಅನ್ನೋದಷ್ಟೇ ಅಲ್ಲ. ರೋಲ್‌ಪ್ಲೇಯಲ್ಲಿ ಮೂರು ತಕ್ಕಡಿಗಳನ್ನು ಒಟ್ಟಿಗೆ ತೂಗಬೇಕು.

*ಮೊದಲನೆಯದು ಬಲ.* ಪೊಲೀಸರು ಯಾವಾಗಲೂ ಹಿಡಿದರೆ ಯಾರೂ ಕಳ್ಳನ ಪಾತ್ರ ಮಾಡಲ್ಲ. ಕಳ್ಳರು ಯಾವಾಗಲೂ ತಪ್ಪಿಸಿಕೊಂಡರೆ ಪೊಲೀಸರ ಕೆಲಸಕ್ಕೆ ಜನ ಸಿಗಲ್ಲ. ಒಂದು ಕಾರಿನ ವೇಗ ಕಡಿಮೆ ಮಾಡಿದರೆ ಒಂದು ಗುಂಪು ಗಲಾಟೆ ಮಾಡುತ್ತೆ, ಹೆಚ್ಚು ಮಾಡಿದರೆ ಇನ್ನೊಂದು ಗುಂಪು.

ಆದರೆ ಅಂಕಿಗಳಿಂದ ಸರಿಯಾಗದ ಎರಡು ಸಮಸ್ಯೆಗಳಿವೆ. ಒಂದು ‘ಮೆಟಾಗೇಮಿಂಗ್’. ಆಟಗಾರನಿಗೆ ಗೊತ್ತಿರೋದನ್ನು ಪಾತ್ರಕ್ಕೂ ಗೊತ್ತು ಅನ್ನೋ ಹಾಗೆ ಬಳಸೋದು. ಕರ್ಣನ ಪಾತ್ರಧಾರಿಗೆ ತಾನು ಕುಂತಿಯ ಮಗ ಅಂತ ಮೊದಲ ದಿನದಿಂದ ಗೊತ್ತು, ಆದರೆ ಕೃಷ್ಣ ಬಂದು ಹೇಳುವವರೆಗೆ ಕರ್ಣನಿಗೆ ಗೊತ್ತಿರಬಾರದು. ಆನ್‌ಲೈನ್‌ನಲ್ಲಿ ಇದು ಇನ್ನೂ ಸುಲಭ. ಎದುರಾಳಿಯ ಲೈವ್ ಸ್ಟ್ರೀಮ್ ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟುಕೊಂಡರೆ ಅವನು ಎಲ್ಲಿ ಅಡಗಿದ್ದಾನೆ ಅಂತ ಗೊತ್ತಾಗುತ್ತೆ. ಎರಡನೆಯದು ‘ಪವರ್‌ಗೇಮಿಂಗ್’, ಅಂದರೆ ಎದುರಿನವನಿಗೆ ಪ್ರತಿಕ್ರಿಯಿಸುವ ಅವಕಾಶವನ್ನೇ ಕೊಡದೆ ಎಲ್ಲವನ್ನೂ ತಾನೇ ತೀರ್ಮಾನ ಮಾಡಿಬಿಡೋದು. ಈ ಎರಡನ್ನೂ ಕೋಡ್ ಹಿಡಿಯಲ್ಲ. ಒಬ್ಬ ಮನುಷ್ಯ ಕೂತು ವಿಡಿಯೊ ನೋಡಿ, ಇಬ್ಬರ ಮಾತೂ ಕೇಳಿ ನ್ಯಾಯ ಹೇಳಬೇಕು.

*ಎರಡನೆಯದು ಹಣ.* ಪ್ರತಿ ಸರ್ವರ್‌ನಲ್ಲೂ ಒಂದು ಮಾರುಕಟ್ಟೆ ಇರುತ್ತೆ. ಕೆಲಸ ಮಾಡಿದರೆ ಆಟದ ದುಡ್ಡು ಹುಟ್ಟುತ್ತೆ. ದಂಡ, ಬಾಡಿಗೆ, ರಿಪೇರಿಗಳಲ್ಲಿ ಅದು ಮತ್ತೆ ಕರಗಬೇಕು. ಹುಟ್ಟೋದು ಹೆಚ್ಚಾಗಿ ಕರಗೋದು ಕಮ್ಮಿಯಾದರೆ ಆರು ತಿಂಗಳಲ್ಲಿ ಹಳಬರೆಲ್ಲ ಕೋಟ್ಯಧಿಪತಿಗಳು, ಹೊಸದಾಗಿ ಬಂದವನಿಗೆ ಸೈಕಲ್ ಕೂಡ ಕೊಳ್ಳೋಕಾಗಲ್ಲ.

ಬೆಲೆ ಏರಿಳಿತ ಅಂದರೆ ಏನು ಅಂತ ತೆಂಗು ಬೆಳೆಯುವ ಸೀಮೆಗೆ ಬೇರೆ ಹೇಳಬೇಕಿಲ್ಲ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಆ ವರ್ಷದ ಶುರುವಿನಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಅದಕ್ಕಿಂತ ಬಹಳ ಕಡಿಮೆ, ರೈತರು ಬೀದಿಗಿಳಿದಿದ್ದರು. ಸರ್ವರ್‌ನಲ್ಲಿ ಬೆಲೆ ಬದಲಿಸೋಕೆ ಸಂಪುಟದ ತೀರ್ಮಾನ ಬೇಡ, ಡೆವಲಪರ್ ಒಂದು ಸಾಲು ತಿದ್ದಿದರೆ ಸಾಕು. ಅಪಾಯ ಇರೋದೇ ಇಲ್ಲಿ. ನಾಳೆ ಬೆಲೆ ಬೀಳುತ್ತೆ ಅಂತ ಇವತ್ತೇ ಗೊತ್ತಿರುವ ಅಡ್ಮಿನ್, ಇವತ್ತೇ ತನ್ನ ಸರಕು ಮಾರಿಬಿಡಬಹುದು. ಅವನು ಯಾವ ನಿಯಮವನ್ನೂ ಮುರಿದ ಹಾಗೆ ಕಾಣಲ್ಲ.

*ಮೂರನೆಯದು ಅವಕಾಶ.* ಯಾರಿಗೆ ಮುಖ್ಯ ಪಾತ್ರ? ಪೊಲೀಸ್ ಮುಖ್ಯಸ್ಥ, ಜಡ್ಜ್, ಗ್ಯಾಂಗ್ ಲೀಡರ್ ಸ್ಥಾನಗಳು ಕೆಲವೇ. ಅವು ಅಡ್ಮಿನ್‌ಗಳ ಗೆಳೆಯರಿಗೇ ಹೋಗುತ್ತವೆ ಅನ್ನೋದು ಎಲ್ಲೆಡೆ ಕೇಳಿಬರುವ ದೂರು. ನಮ್ಮ ಹಳ್ಳಿ ನಾಟಕದವರು ಕಂಡುಕೊಂಡ ದಾರಿ, ಅಂದರೆ ಒಂದು ಕೃಷ್ಣನನ್ನು ಮೂರು ಮಾಡೋದು, ಇಲ್ಲೂ ಕೆಲಸಕ್ಕೆ ಬರುತ್ತೆ. ಹುದ್ದೆಗೆ ಅವಧಿ ಹಾಕಿ, ಸರದಿ ಮಾಡಿದರೆ ಅರ್ಧ ಮುನಿಸು ಕಮ್ಮಿ.

ಸಂಬಳವಿಲ್ಲದ ಸರ್ಕಾರ

ಒಂದು ಸಾಧಾರಣ ಸರ್ವರ್‌ನ ಸಿಬ್ಬಂದಿ ಹೀಗಿರುತ್ತೆ: ಹೊಸಬರಿಗೆ ದಾರಿ ತೋರಿಸುವ ಹೆಲ್ಪರ್, ದೂರು ವಿಚಾರಿಸುವ ಮಾಡರೇಟರ್, ಬ್ಯಾನ್ ಮಾಡುವ ಅಡ್ಮಿನ್, ಕೋಡ್ ಬರೆಯುವ ಡೆವಲಪರ್, ಮೇಲೆ ಒಬ್ಬ ಮಾಲೀಕ. ಸಾಮಾನ್ಯವಾಗಿ ಕೆಳಗಿನವರು ಯಾರಿಗೂ ಸಂಬಳ ಇರಲ್ಲ. ಅರ್ಜಿ ಓದಬೇಕು, ರಾತ್ರಿ ಎರಡು ಗಂಟೆಗೆ ಬಂದ ಬೈಗುಳ ಓದಬೇಕು, ಬ್ಯಾನ್ ಆದವನ ಗೆಳೆಯರಿಂದಲೂ ಬೈಸಿಕೊಳ್ಳಬೇಕು. ಕೆಲವೇ ತಿಂಗಳಲ್ಲಿ ಸುಸ್ತಾಗಿ ಬಿಟ್ಟುಹೋಗುವವರೇ ಜಾಸ್ತಿ. ಉಳಿಯುವವರು ಎರಡು ಬಗೆ: ನಿಜವಾಗಲೂ ಸಮುದಾಯವನ್ನು ಪ್ರೀತಿಸುವವರು, ಇಲ್ಲವೇ ಅಧಿಕಾರವನ್ನು ಪ್ರೀತಿಸುವವರು. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ತರ ಕಾಣುತ್ತಾರೆ.

ನಾಟಕದ ಹಾರ್ಮೋನಿಯಂ ಮೇಷ್ಟ್ರು ಸಾಮಾನ್ಯವಾಗಿ ಪಾತ್ರ ಮಾಡಲ್ಲ, ಪಕ್ಕದಲ್ಲಿ ಕೂತು ಎಲ್ಲರನ್ನೂ ನಡೆಸುತ್ತಾರೆ. ಸರ್ವರ್‌ನಲ್ಲಿ ಅಡ್ಮಿನ್ ಕೂಡ ಆಟಗಾರನೇ. ಅವನಿಗೂ ಒಂದು ಗ್ಯಾಂಗ್ ಇದೆ, ಶತ್ರುಗಳಿದ್ದಾರೆ. ಕಂಪನಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2007ರಲ್ಲಿ ‘ಈವ್ ಆನ್‌ಲೈನ್’ ಆಟದ ಒಬ್ಬ ಡೆವಲಪರ್ ತಾನು ಆಡುತ್ತಿದ್ದ ಗುಂಪಿಗೆ ಅಪರೂಪದ ವಸ್ತುಗಳನ್ನು ಕೊಟ್ಟದ್ದು ಬಯಲಾಯಿತು. ಆಟಗಾರರ ಸಿಟ್ಟಿಗೆ ಮಣಿದು ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ ಸಿಬ್ಬಂದಿಯ ಮೇಲೆ ಕಣ್ಣಿಡುವ ಆಂತರಿಕ ವಿಭಾಗ ಮಾಡಿತು. 2008ರಲ್ಲಿ ಆಟಗಾರರೇ ಮತ ಹಾಕಿ ಆರಿಸುವ ಒಂದು ಮಂಡಳಿಯೂ ಬಂತು. ಆ ಮಂಡಳಿಗೆ ಆಟ ಬದಲಿಸುವ ಅಧಿಕಾರ ಇಲ್ಲ, ಪ್ರಶ್ನೆ ಕೇಳುವ ಅಧಿಕಾರ ಇದೆ.

ಅಡ್ಮಿನ್‌ಗಳು ಕೈ ಎತ್ತಿದಾಗ ಏನಾಯಿತು?

‘ಅಡ್ಮಿನ್‌ಗಳೇ ಬೇಡ, ಆಟಗಾರರೇ ನೋಡಿಕೊಳ್ಳಲಿ’ ಅನ್ನೋ ಪ್ರಯೋಗವೂ ನಡೆದಿದೆ. ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ 1990ರಲ್ಲಿ ಶುರು ಮಾಡಿದ ‘ಲ್ಯಾಂಬ್ಡಾಮೂ’ ಎಂಬ ಅಕ್ಷರಲೋಕದಲ್ಲಿ, 1992ರ ಕೊನೆಗೆ ವಿಝರ್ಡ್‌ಗಳು ಒಂದು ಘೋಷಣೆ ಮಾಡಿದರು. ಇನ್ನು ನಾವು ಬರೀ ತಂತ್ರಜ್ಞರು, ನಿಮ್ಮ ಜಗಳ ನೀವೇ ಬಗೆಹರಿಸಿಕೊಳ್ಳಿ ಅಂತ.

ಸ್ವಲ್ಪ ಕಾಲದಲ್ಲೇ ಒಬ್ಬ ಆಟಗಾರ ಬೇರೆಯವರ ಪಾತ್ರಗಳ ಮೇಲೆ ಅವರ ಒಪ್ಪಿಗೆ ಇಲ್ಲದೆ ಲೈಂಗಿಕ ಹಿಂಸೆಯ ದೃಶ್ಯಗಳನ್ನು ಎಲ್ಲರೆದುರು ಹರಿಬಿಟ್ಟ. ಸಮುದಾಯ ಸಭೆ ಸೇರಿತು, ಗಂಟೆಗಟ್ಟಲೆ ಚರ್ಚಿಸಿತು, ತೀರ್ಮಾನಕ್ಕೆ ಬರಲಿಲ್ಲ. ಕೊನೆಗೆ ಒಬ್ಬ ವಿಝರ್ಡ್ ಯಾರನ್ನೂ ಕೇಳದೆ ಆ ಪಾತ್ರವನ್ನೇ ಅಳಿಸಿಹಾಕಿದ. ಆಮೇಲೆ ಅರ್ಜಿ, ಮತದಾನದ ವ್ಯವಸ್ಥೆ ಬಂತು. ಪತ್ರಕರ್ತ ಜೂಲಿಯನ್ ಡಿಬೆಲ್ 1993ರಲ್ಲಿ ಬರೆದ ಲೇಖನದಿಂದ ಈ ಘಟನೆ ಪ್ರಪಂಚಕ್ಕೆ ಗೊತ್ತಾಯಿತು. 1996ರಲ್ಲಿ ವಿಝರ್ಡ್‌ಗಳೇ ಮತ್ತೆ ಒಪ್ಪಿಕೊಂಡರು: ಸಾಮಾಜಿಕ ತೀರ್ಮಾನಗಳಿಂದ ದೂರ ಇರೋದು ನಮ್ಮಿಂದ ಆಗಿಲ್ಲ.

ಪಾಠ ಸರಳ. ಸ್ವಿಚ್ ಯಾರ ಕೈಲಿದೆಯೋ ಅಧಿಕಾರ ಅವರದ್ದೇ. ‘ನಮಗೂ ಇದಕ್ಕೂ ಸಂಬಂಧ ಇಲ್ಲ’ ಅಂದರೂ ಅಧಿಕಾರ ಹೋಗಲ್ಲ, ಹೊಣೆ ಮಾತ್ರ ಹೋಗುತ್ತೆ.

‘ಸೇವೆ’ ಎಲ್ಲಿ ಮುಗಿದು ದುಡಿಮೆ ಎಲ್ಲಿ ಶುರು?

1990ರ ದಶಕದಲ್ಲಿ ಅಮೆರಿಕದ ಎಒಎಲ್ ಕಂಪನಿ ತನ್ನ ಚಾಟ್ ಕೋಣೆಗಳನ್ನು ಸಾವಿರಾರು ಸ್ವಯಂಸೇವಕರ ಕೈಲಿ ನಡೆಸುತ್ತಿತ್ತು. ಅವರಿಗೆ ಪಾಳಿ ಇತ್ತು, ತರಬೇತಿ ಇತ್ತು, ವರದಿ ಕೊಡಬೇಕಿತ್ತು. ಸಂಬಳ ಮಾತ್ರ ಇರಲಿಲ್ಲ. 1999ರಲ್ಲಿ ಕೆಲವರು ‘ನಾವು ನೌಕರರು’ ಅಂತ ಕೋರ್ಟಿಗೆ ಹೋದರು. ಹನ್ನೊಂದು ವರ್ಷದ ನಂತರ, 2010ರಲ್ಲಿ, ಕಂಪನಿ 1.5 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ‘ಅಲ್ಟಿಮಾ ಆನ್‌ಲೈನ್’ ಆಟದ ಸ್ವಯಂಸೇವಕರು 2000ದಲ್ಲಿ ಹೂಡಿದ ಮೊಕದ್ದಮೆಯೂ ರಾಜಿಯಲ್ಲೇ ಮುಗಿಯಿತು.

ಹಾಗಂತ ಗೆಳೆಯರು ಸೇರಿ ನಡೆಸುವ ಪುಟ್ಟ ಸರ್ವರ್‌ನಲ್ಲಿ ಎಲ್ಲರಿಗೂ ಸಂಬಳ ಕೊಡಿ ಅನ್ನೋದು ಸರಿಯಲ್ಲ. ಊರ ನಾಟಕಕ್ಕೆ ಚಪ್ಪರ ಹಾಕುವವನಿಗೆ ಯಾರೂ ಕೂಲಿ ಲೆಕ್ಕ ಹಾಕಲ್ಲ. ಆದರೆ ಟಿಕೆಟ್ ಮಾರಿ ಒಬ್ಬನೇ ಜೇಬಿಗಿಳಿಸಿಕೊಂಡರೆ ಚಪ್ಪರ ಹಾಕಿದವನು ಕೇಳೇ ಕೇಳುತ್ತಾನೆ. ಅಳತೆಗೋಲು ಇಷ್ಟೇ: ಲಾಭ ಒಬ್ಬನಿಗೆ, ಪಾಳಿ ಹತ್ತು ಜನರಿಗೆ ಅಂತಾದರೆ ಅದು ಸೇವೆ ಅಲ್ಲ, ಬಿಟ್ಟಿ ದುಡಿಮೆ.

ದುಡ್ಡು ಮತ್ತು ಕಾನೂನು

ಸರ್ವರ್ ಬಾಡಿಗೆ ಕಟ್ಟೋಕೆ ದುಡ್ಡು ಬೇಕು, ಆದ್ದರಿಂದ ದೇಣಿಗೆ ಕೇಳೋದು ತಪ್ಪಲ್ಲ. ದೇಣಿಗೆ ಕೊಟ್ಟವನಿಗೆ ಬೇರೆ ಬಣ್ಣದ ಕಾರು, ಬೇಗ ಪ್ರವೇಶ ಸಿಕ್ಕರೆ ಅದು ಪಾತ್ರ ಕೊಂಡ ಹಾಗೆ. ಸಾಯದ ಶರೀರ, ಗುಂಡು ತಾಗದ ಕಾರು, ಬ್ಯಾನ್‌ನಿಂದ ವಿನಾಯಿತಿ ಸಿಕ್ಕರೆ ಅದು ಗೆಲುವು ಕೊಂಡ ಹಾಗೆ. 2022ರ ನವೆಂಬರ್‌ನಲ್ಲಿ ರಾಕ್‌ಸ್ಟಾರ್ ರೋಲ್‌ಪ್ಲೇ ಸರ್ವರ್‌ಗಳಿಗೆ ಕೆಲವು ಗೆರೆ ಹಾಕಿತು. ನಿಜವಾದ ದುಡ್ಡಿಗೆ ‘ಲೂಟ್ ಬಾಕ್ಸ್’ ಮಾರೋದು, ಆಟದ ನಾಣ್ಯ ಮಾರೋದು, ಕಾರ್ಪೊರೇಟ್ ಪ್ರಾಯೋಜಕತ್ವ, ಕ್ರಿಪ್ಟೊ ಬಳಕೆ ಇವೆಲ್ಲ ನಿಷಿದ್ಧ.

ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಬಂತು. ಅದು ಇ-ಸ್ಪೋರ್ಟ್ಸ್, ಸಾಮಾಜಿಕ ಆಟ, ಹಣದ ಆಟ ಅಂತ ಮೂರು ಭಾಗ ಮಾಡುತ್ತೆ. ಪಣ ಇಲ್ಲದಿದ್ದರೆ ಸಾಮಾಜಿಕ ಆಟಕ್ಕೆ ಚಂದಾ ಅಥವಾ ಪ್ರವೇಶ ಶುಲ್ಕ ತಗೋಬಹುದು. ದುಡ್ಡು ಹಾಕಿ ದುಡ್ಡು ಗೆಲ್ಲುವ ಆಟವನ್ನು ಒದಗಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಸರ್ವರ್‌ನೊಳಗಿನ ಕ್ಯಾಸಿನೊ ತಮಾಷೆಗೆ ಇದ್ದರೆ ಬೇರೆ ಮಾತು. ಅಲ್ಲಿನ ಚಿಪ್ಸ್‌ಗೆ ಯುಪಿಐನಲ್ಲಿ ದುಡ್ಡು ತಗೊಂಡು, ಗೆದ್ದವನಿಗೆ ಯುಪಿಐನಲ್ಲೇ ವಾಪಸ್ ಕೊಟ್ಟರೆ ಅದು ಈ ಕಾಯ್ದೆಯ ಬಾಯಿಗೆ ಬೀಳುತ್ತೆ. ಅದಕ್ಕೆ ಕೈಜೋಡಿಸಿದ ‘ಸ್ವಯಂಸೇವಕ’ನೂ ಯೋಚಿಸಬೇಕಾದ ವಿಷಯ ಇದು.

ಸೇರುವ ಮೊದಲು ಕೇಳಬೇಕಾದ ಐದು ಪ್ರಶ್ನೆ

1. ನಿಯಮ ಬರಹದಲ್ಲಿದೆಯಾ, ಇಲ್ಲ ಅಡ್ಮಿನ್ ಬಾಯಲ್ಲಿದೆಯಾ?
2. ಬ್ಯಾನ್ ಮಾಡಿದವನೇ ಮೇಲ್ಮನವಿಯನ್ನೂ ಕೇಳುತ್ತಾನಾ, ಅಥವಾ ಬೇರೊಬ್ಬರಾ?
3. ಅಡ್ಮಿನ್ ತನ್ನ ಗ್ಯಾಂಗ್‌ನ ದೂರಿನಿಂದ ಹಿಂದೆ ಸರಿಯಬೇಕು ಅನ್ನೋ ನಿಯಮ ಇದೆಯಾ?
4. ದೇಣಿಗೆ ಎಷ್ಟು ಬಂತು, ಎಲ್ಲಿ ಹೋಯಿತು ಅಂತ ಹೇಳುತ್ತಾರಾ?
5. ಸಿಬ್ಬಂದಿಗೆ ಅವಧಿ, ರಜೆ ಇದೆಯಾ? ಸುಸ್ತಾದವನು ಮರ್ಯಾದೆಯಿಂದ ಇಳಿಯೋಕೆ ದಾರಿ ಇದೆಯಾ?

ಗ್ರಾಮ ಪಂಚಾಯ್ತಿಗೆ, ಕಾಲೇಜು ಯೂನಿಯನ್‌ಗೆ, ಹೋರಾಟದ ವಾಟ್ಸಾಪ್ ಗುಂಪಿಗೂ ಇವೇ ಪ್ರಶ್ನೆ ಹಾಕಬಹುದು. ಹದಿನೇಳರ ಹುಡುಗ ಮೊದಲ ಸಲ ‘ಅನ್ಯಾಯದ ಬ್ಯಾನ್’ ವಿರುದ್ಧ ಅರ್ಜಿ ಬರೆಯೋದು ಸರ್ವರ್‌ನಲ್ಲೇ ಇರಬಹುದು. ಇನ್ನೊಬ್ಬರ ಅರ್ಜಿ ಓದಿ ತೀರ್ಪು ಕೊಡೋದೂ ಅಲ್ಲೇ ಇರಬಹುದು. ಅಲ್ಲಿ ಏನು ಕಲಿಯುತ್ತಾನೋ ಅದನ್ನೇ ಹೊರಗೂ ತರುತ್ತಾನೆ. ಅಡ್ಮಿನ್‌ಗೆ ಹತ್ತಿರ ಇದ್ದರೆ ಸಾಕು ಅಂತ ಕಲಿಯುತ್ತಾನಾ, ಇಲ್ಲ ದುಡ್ಡು ಕೊಟ್ಟ ದುರ್ಯೋಧನನೂ ಸೋಲಬೇಕು ಅಂತ ಕಲಿಯುತ್ತಾನಾ ಅನ್ನೋದು ಆ ಸಂಬಳವಿಲ್ಲದ ಸಿಬ್ಬಂದಿ ನಡೆದುಕೊಳ್ಳುವ ರೀತಿಯ ಮೇಲಿದೆ.