ರೇಸಿಂಗ್ ಇನ್ಸಿಡೆಂಟ್ ಅಂದರೆ ಯಾರ ತಪ್ಪು?

ಹೊಂಗನೂರಿನಂಥ ಊರಲ್ಲಿ ಬೈಕೊಂದು ಯಾರಿಗಾದರೂ ಗುದ್ದಿದರೆ ಮೊದಲ ಪ್ರಶ್ನೆ ‘ಯಾರ ಗಾಡಿ?’ ಎರಡನೇದು ‘ಯಾರ ಮಗ?’ ಪೊಲೀಸು, ವಿಮೆ ಎಲ್ಲ ಆಮೇಲೆ. ಗುದ್ದಿದವನು ಊರು ಬಿಟ್ಟು ಬೆಂಗಳೂರು ಸೇರಿದರೂ ಅವನ ಅಪ್ಪ ಹಾಲಿನ ಡೇರಿಗೆ ಹೋದಾಗ ಜನ ಒಂದು ಥರಾ ನೋಡೋದು ತಪ್ಪೋದಿಲ್ಲ. ಅದೇ ಚನ್ನಪಟ್ಟಣದ ಮಗ್ಗುಲಲ್ಲಿ ಹಾದುಹೋಗುವ ಮೈಸೂರು ಹೆದ್ದಾರಿಗೆ ಬನ್ನಿ. ಮದ್ದೂರು ವಡೆಗೆ ಅಂತ ಭಾನುವಾರ ಬೆಳಗ್ಗೆ ಬೆಂಗಳೂರಿಂದ ಹೊರಡುವ ದೊಡ್ಡ ಬೈಕುಗಳಿಗೆ ಊರೂ ಇಲ್ಲ, ಅಪ್ಪನೂ ಇಲ್ಲ. ಹೆಲ್ಮೆಟ್ಟಿನೊಳಗೆ ಯಾರಿದ್ದಾರೆ ಅಂತ ರಸ್ತೆ ಬದಿಯ ಎಳನೀರಿನವನಿಗೆ ಗೊತ್ತಿಲ್ಲ. 2023ರ ಮಾರ್ಚ್‌ನಲ್ಲಿ ದಶಪಥ ಉದ್ಘಾಟನೆಯಾಯಿತು, ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳನ್ನು ಬಿಡಬಾರದು ಅಂತ ಆಯಿತು. ಬೈಕಿನವರು ಸರ್ವಿಸ್ ರಸ್ತೆಗೆ ಇಳಿದರು, ಅಂದರೆ ಊರಿನ ಜನ ಓಡಾಡುವ ರಸ್ತೆಗೆ.

ಇವರ ಮಾತು ತೆಗೆದರೆ ಮೋಟಾರ್ ರೇಸಿಂಗ್ ಮಂದಿ ಹೇಳುವುದು ಒಂದೇ: ‘ಅವರು ನಮ್ಮವರಲ್ಲ. ನಾವು ಲೈಸೆನ್ಸ್ ತಗೊಂಡು ಟ್ರ್ಯಾಕಿನಲ್ಲಿ ಓಡಿಸೋರು.’ ನಿಜ, ಒಪ್ಪೋಣ. ಹೆಸರು, ನಂಬರು, ರಕ್ತದ ಗುಂಪು ಎಲ್ಲ ಬರೆಸಿಕೊಂಡು ಓಡುವವರು ಅವರು. ಹಾಗಿದ್ದರೆ, ಹೆಸರಿರುವವರ ಲೋಕದಲ್ಲಿ ತಪ್ಪಿಗೆ ಉತ್ತರ ಕೊಡುವುದು ಹೇಗೆ ನಡೆದು ಬಂದಿದೆ ಅಂತ ನೋಡಬೇಕಲ್ಲ.

ಆ ಲೋಕದಲ್ಲಿ ಒಂದು ಮಾತಿದೆ, ‘ರೇಸಿಂಗ್ ಇನ್ಸಿಡೆಂಟ್’. ಎರಡು ಕಾರು ತಾಗಿದವು, ಇಂಥವನದೇ ತಪ್ಪು ಅಂತ ಬೆರಳು ತೋರಿಸಲಾಗದು, ರೇಸ್ ಅಂದಮೇಲೆ ಇದೆಲ್ಲ ಇದ್ದದ್ದೇ, ಶಿಕ್ಷೆ ಬೇಡ. ಇದು ಸ್ಟೀವರ್ಡ್‌ಗಳು ಕೊಡುವ ತೀರ್ಪು. ಬಂಪರ್ ಕಿತ್ತುಬಂದಾಗ ಇದಕ್ಕಿಂತ ನ್ಯಾಯವಾದ ಮಾತಿಲ್ಲ. ಜೀವ ಹೋದಾಗಲೂ ಇದನ್ನೇ ಹೇಳಬಹುದಾ ಅನ್ನೋದು ತೊಡಕು.

ಈ ತೊಡಕಿನ ದೊಡ್ಡ ಕಥೆ ಫ್ರಾನ್ಸಿನದು. 1955ರ ಜೂನ್ 11, ಲ ಮಾನ್‌ನ 24 ಗಂಟೆಗಳ ರೇಸು. ಇಂಗ್ಲೆಂಡಿನ ಮೈಕ್ ಹಾಥಾರ್ನ್ ತನ್ನ ಜಾಗ್ವಾರ್‌ನಲ್ಲಿ ಲ್ಯಾನ್ಸ್ ಮ್ಯಾಕ್ಲಿನ್‌ನ ಆಸ್ಟಿನ್-ಹೀಲಿಯನ್ನು ಹಿಂದೆ ಹಾಕಿ, ಪಿಟ್‌ಗೆ ಹೋಗಬೇಕು ಅಂತ ಅದರ ಮುಂದೆಯೇ ಬ್ರೇಕ್ ಒತ್ತಿದ. ಜಾಗ್ವಾರ್‌ಗೆ ಡಿಸ್ಕ್ ಬ್ರೇಕು, ತಟ್ಟನೆ ನಿಧಾನವಾಗುತ್ತದೆ. ಮ್ಯಾಕ್ಲಿನ್ ಎಡಕ್ಕೆ ಎಳೆದ. ಅವನ ಹಿಂದೆ ಮರ್ಸಿಡಿಸ್‌ನಲ್ಲಿ ಬರುತ್ತಿದ್ದ ಪಿಯೆರ್ ಲೆವೆ ಅವನ ಕಾರಿನ ಹಿಂಭಾಗಕ್ಕೆ ಹತ್ತಿ, ಮೇಲೆ ಹಾರಿ, ದಂಡೆಗೆ ಅಪ್ಪಳಿಸಿದ. ಎಂಜಿನ್ನು, ಮುಂದಿನ ಆಕ್ಸಲ್ಲು ಕಳಚಿಕೊಂಡು ಜನರ ಮಧ್ಯೆ ನುಗ್ಗಿದವು. ಲೆವೆ ಸತ್ತ, ಜೊತೆಗೆ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ರೇಸ್ ನಿಲ್ಲಿಸಲಿಲ್ಲ. ಜನ ಒಟ್ಟಿಗೇ ಹೊರಟರೆ ಆಂಬುಲೆನ್ಸಿಗೆ ದಾರಿ ಇರೋದಿಲ್ಲ ಅನ್ನೋದು ಸಂಘಟಕರು ಕೊಟ್ಟ ಕಾರಣ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಮರ್ಸಿಡಿಸ್ ತಂಡ ರಾತ್ರಿ ತಾನಾಗೇ ಹಿಂದೆ ಸರಿಯಿತು. ಹಾಥಾರ್ನ್ ಮತ್ತು ಜೊತೆಗಾರ ಐವರ್ ಬ್ಯೂಬ್ ಗೆದ್ದರು. ಗೆದ್ದ ಮೇಲೆ ಹಾಥಾರ್ನ್ ನಗುತ್ತಿರುವ ಫೋಟೋ ಪತ್ರಿಕೆಗಳಲ್ಲಿ ಬಂತು, ಫ್ರೆಂಚರು ಅದನ್ನು ಮರೆಯಲಿಲ್ಲ.

ಅಪಘಾತ ಆದ ಕೂಡಲೇ ಪಿಟ್‌ನಲ್ಲಿ ಅವನು ಕಣ್ಣೀರು ಹಾಕುತ್ತಾ ‘ತಪ್ಪು ನನ್ನದೇ’ ಅಂದದ್ದನ್ನು ಕೇಳಿದ್ದಾಗಿ ಆಮೇಲೆ ಹೇಳಿದವರಿದ್ದಾರೆ. ಮಾರನೇ ದಿನದಿಂದ ಆ ಮಾತಿಲ್ಲ. ಸರ್ಕಾರಿ ತನಿಖೆ ಯಾವ ಚಾಲಕನ ಮೇಲೂ ಹೊಣೆ ಹೊರಿಸದೆ, ಇಷ್ಟು ವೇಗಕ್ಕೆ ಆ ಟ್ರ್ಯಾಕೇ ತಕ್ಕದ್ದಲ್ಲ ಅಂದಿತು. 1958ರಲ್ಲಿ ಹಾಥಾರ್ನ್ ಆತ್ಮಕಥೆ ಬಂತು, ಅದರಲ್ಲಿ ತನ್ನದೇನೂ ತಪ್ಪಿಲ್ಲ ಅಂತ ಬರೆದಿದ್ದ. ಹಾಗಾದರೆ ತಪ್ಪು ನನ್ನದು ಅಂದಹಾಗಾಯಿತಲ್ಲ ಅಂತ ಮ್ಯಾಕ್ಲಿನ್ ಮಾನನಷ್ಟದ ದಾವೆ ಹೂಡಿದ. ಅದೇ ವರ್ಷ ಹಾಥಾರ್ನ್ ವಿಶ್ವ ಚಾಂಪಿಯನ್ ಆದ, ನಿವೃತ್ತನೂ ಆದ. 1959ರ ಜನವರಿ 22ರಂದು ಗಿಲ್ಡ್‌ಫರ್ಡ್ ಹತ್ತಿರ ಸಾಮಾನ್ಯ ರಸ್ತೆಯಲ್ಲಿ ಪರಿಚಯದವನ ಮರ್ಸಿಡಿಸ್ ಒಂದನ್ನು ಹಿಂದೆ ಹಾಕಿ ಮುಂದೆ ಹೋಗುವಾಗ ಕಾರು ಜಾರಿ ತೀರಿಕೊಂಡ. ವಯಸ್ಸು 29. ದಾವೆ ಅಲ್ಲಿಗೇ ನಿಂತಿತು.

ಮ್ಯಾಕ್ಲಿನ್‌ನ ಸಂಕಟ ನನಗೆ ಹೆಚ್ಚು ಕಾಡುತ್ತದೆ. ಯಾರ ತಪ್ಪೂ ಅಲ್ಲ ಅಂತ ಸರ್ಕಾರ ಹೇಳಿದರೆ ಜನ ಕೇಳುತ್ತಾರಾ? ಜನರಿಗೆ ಒಂದು ಹೆಸರು ಬೇಕು, ಯಾರೂ ಕೊಡದಿದ್ದರೆ ತಾವೇ ಆರಿಸಿಕೊಳ್ಳುತ್ತಾರೆ.

ನಮ್ಮ ಕಡೆಗೆ ಬರೋಣ. ದಕ್ಷಿಣದ ರೇಸು ಬೆಳೆದದ್ದು ಮದ್ರಾಸಿನ ಹೊರಗಿನ ಷೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ. ಬೆಂಗಳೂರಿನ ಮಂದಿ ಅಲ್ಲಿಗೆ ಹೋಗಿ ಓಡಿಸುತ್ತಿದ್ದರು. ವಿಜಯ್ ಮಲ್ಯ ಹೆಸರು ಮಾಡಿದ್ದೂ ಮೊದಲು ಅಲ್ಲೇ (ಆಮೇಲಿನ ಹೆಸರಿನ ಕಥೆ ಬೇರೆ). ಟ್ರ್ಯಾಕ್ ಇಲ್ಲದ ಕರ್ನಾಟಕ ರ‍್ಯಾಲಿಯ ನಾಡಾಯಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000, ಚಿಕ್ಕಮಗಳೂರಿನ ಕಾಫಿ ತೋಟದೊಳಗಿನ ಓಟಗಳು ಇದೇ ಸಾಲಿನವು.

ರ‍್ಯಾಲಿಯಲ್ಲಿ ಕಾರಿನೊಳಗೆ ಇಬ್ಬರು. ಒಬ್ಬ ಓಡಿಸುತ್ತಾನೆ, ಪಕ್ಕದವನು ಓದುತ್ತಾನೆ. ಓಟಕ್ಕೆ ಮುಂಚೆ ಇಬ್ಬರೂ ನಿಧಾನವಾಗಿ ಆ ದಾರಿಯಲ್ಲಿ ಹೋಗಿ ತಿರುವು ಎಷ್ಟು ಬಿಗಿ, ಮುಂದಿನ ತಿರುವಿಗೆ ಎಷ್ಟು ಮೀಟರು, ಏರು ಎಲ್ಲಿ, ಹಳ್ಳ ಎಲ್ಲಿ ಅಂತ ಬರೆದುಕೊಳ್ಳುತ್ತಾರೆ. ಅದೇ ಪೇಸ್ ನೋಟ್ಸ್. ಓಟದ ದಿನ ಸಹಚಾಲಕ ಅದನ್ನು ಒಂದೇ ಸಮನೆ ಓದುತ್ತಾನೆ. ಕಾಣದ ತಿರುವಿಗೂ ಚಾಲಕ ಆ ಮಾತಿನ ಮೇಲೆ ಭಾರ ಹಾಕಿ ಕಾಲು ಒತ್ತುತ್ತಾನೆ. ದಾರಿ ಮುಚ್ಚಿದೆ, ಎದುರಿಗೆ ಯಾರೂ ಬರೋದಿಲ್ಲ ಅನ್ನೋದು ಇದಕ್ಕೆಲ್ಲ ಅಡಿಪಾಯ. ಅದನ್ನು ನೋಡಿಕೊಳ್ಳುವವರು ಕಾರಿನೊಳಗಿಲ್ಲ, ದಾರಿಯಲ್ಲಿ ನಿಂತ ಮಾರ್ಷಲ್‌ಗಳು.

2019ರ ಸೆಪ್ಟೆಂಬರ್ 21ರಂದು ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯಲ್ಲಿ, ಜೋಧಪುರ ರ‍್ಯಾಲಿಯಲ್ಲಿ, ಈ ಅಡಿಪಾಯವೇ ಕುಸಿಯಿತು. ಗೌರವ್ ಗಿಲ್ ಓಡಿಸುತ್ತಿದ್ದರು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟು, ಪ್ರಶಸ್ತಿಯ ಸುದ್ದಿ ಬಂದು ತಿಂಗಳಾಗಿತ್ತಷ್ಟೆ. ಪಕ್ಕದಲ್ಲಿ ನಮ್ಮ ಗಡಿನಾಡು ಕಾಸರಗೋಡಿನ ಮೂಸಾ ಷರೀಫ್, ದೇಶದಲ್ಲೇ ಹೆಸರಾಂತ ಸಹಚಾಲಕ. ಮುಚ್ಚಿದ್ದ ದಾರಿಗೆ ಒಂದು ಬೈಕು ಬಂತು. ಗಂಡ, ಹೆಂಡತಿ, ಮಗ, ಮೂವರೂ ಸತ್ತರು. ಗಿಲ್ ಗಾಯಗೊಂಡು ಆಸ್ಪತ್ರೆ ಸೇರಿದರು. ರ‍್ಯಾಲಿ ರದ್ದಾಯಿತು.

ಮಾರ್ಷಲ್‌ಗಳು ಹೇಳಿದರೂ ಕೇಳದೆ ಬೈಕು ಒಳಗೆ ಬಂತು ಅಂತ ರೇಸಿನ ಕಡೆಯವರು ಅಂದರು. ಊರಿನವರು ಬೀದಿಗಿಳಿದರು, ಪೊಲೀಸರು ಚಾಲಕ, ಸಹಚಾಲಕ, ಸಂಘಟಕರ ಮೇಲೆ ಪ್ರಕರಣ ದಾಖಲಿಸಿದರು. ಪತ್ರಿಕೆಗಳ ತಲೆಬರಹದಲ್ಲಿ ಬಂದದ್ದು ಮಾತ್ರ ಹೆಚ್ಚುಕಡಿಮೆ ಒಂದೇ ಹೆಸರು, ಗಿಲ್ ಅವರದು. ಮುಚ್ಚಿದ ದಾರಿ ಮುಚ್ಚಿಯೇ ಇದೆ ಅಂತ ನಂಬಿ ಓಡಿಸಿದವರ ಹೆಸರು ಮೂರು ದಿನ ದೇಶವೆಲ್ಲ ಓಡಾಡಿತು. ಆ ದಾರಿ ಕಾಯಬೇಕಾದ ಸಂಸ್ಥೆಯ ಹೆಸರು ರೇಸಿನ ಮಂದಿಯನ್ನು ಬಿಟ್ಟರೆ ಎಷ್ಟು ಜನರಿಗೆ ನೆನಪಿದೆ? ಗೆದ್ದಾಗ ಫೋಟೋ ಚಾಲಕನದು ಅಂದಮೇಲೆ ಬಿದ್ದಾಗಲೂ ಅವನದೇ ಅನ್ನಬಹುದು. ಆದರೆ ಫೋಟೋ ಲೆಕ್ಕವೇ ಬೇರೆ, ಹೊಣೆ ಲೆಕ್ಕವೇ ಬೇರೆ. ನಮ್ಮಲ್ಲಿ ಎರಡೂ ಒಂದೇ ಖಾತೆಗೆ ಹೋಗುತ್ತಿವೆ.

ಕಾನೂನಿನ ಪುಸ್ತಕದಲ್ಲಿ ಇನ್ನೊಬ್ಬರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡುವುದು ಅಪರಾಧ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಅಲ್ಲ. ಅಂದರೆ ಹಳ್ಳಿ ರಸ್ತೆಯ ಮೇಲೆ ರ‍್ಯಾಲಿ ನಡೆದರೆ ಅದರ ಹಿಂದೆ ಸರ್ಕಾರದ ಸಹಿ ಒಂದಿರಲೇಬೇಕು. ಸಾವಾದ ಮೇಲೆ ಆ ಸಹಿಯ ಬಗ್ಗೆ ಮಾತಾಡುವವರು ಕಡಿಮೆ.

ಅದೇ 2019ರ ಸೆಪ್ಟೆಂಬರ್ 1ರಂದು ಕಾಯ್ದೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂದಿತ್ತು. ಹೊಸದಾಗಿ ಸೇರಿದ 199ಎ ಕಲಂ ರಾಮನಗರ, ಮಾಗಡಿ, ಕನಕಪುರದ ಅಪ್ಪಂದಿರಿಗೆಲ್ಲ ಈಗ ಚೆನ್ನಾಗಿ ಗೊತ್ತು. ಅಪ್ರಾಪ್ತ ಹುಡುಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ‘ಯಾರ ಮಗ?’ ಅನ್ನೋ ಹಳ್ಳಿಯ ಪ್ರಶ್ನೆಯನ್ನೇ ಸಂಸತ್ತು ಕಾನೂನು ಮಾಡಿದ ಹಾಗಾಯಿತು.

ಟ್ರ್ಯಾಕಿನೊಳಗೆ ಇದು ತಲೆಕೆಳಗು. 2023ರ ಜನವರಿಯಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ 59 ವರ್ಷದ ಹಿರಿಯ ಚಾಲಕ ಕೆ.ಇ. ಕುಮಾರ್ ಕಾರು ರೇಸಿನಲ್ಲಿ ತೀರಿಕೊಂಡರು. ಆಗಸ್ಟ್ 5ರಂದು ಅದೇ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಬೈಕ್ ಚಾಂಪಿಯನ್‌ಷಿಪ್‌ನ ಹೊಸಬರ ರೇಸಿನಲ್ಲಿ, ಬೆಂಗಳೂರಿನ ಶ್ರೇಯಸ್ ಹರೀಶ್ ಮೊದಲ ತಿರುವಿನಿಂದ ಹೊರಬರುವಾಗ ಬಿದ್ದು ಸತ್ತ. 13 ವರ್ಷ. ಆ ಋತುವಿನಲ್ಲಿ ಸತತವಾಗಿ ಗೆದ್ದಿದ್ದ, ಆ ದಿನವೂ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಹೊರಟಿದ್ದ ಹುಡುಗ. ಮನೆ ಮುಂದಿನ ರಸ್ತೆಯಲ್ಲಿ ಗೇರ್ ಇರುವ ಬೈಕು ಮುಟ್ಟಬೇಕಾದರೆ ಅವನಿಗೆ ಇನ್ನೂ ಐದು ವರ್ಷ ಆಗಬೇಕಿತ್ತು. ಟ್ರ್ಯಾಕಿನಲ್ಲಿ ವಯಸ್ಸಿನ ಲೆಕ್ಕ ಬೇರೆ. ಆಟ ಅಪಾಯದ್ದು ಅಂತ ಒಪ್ಪಿ ಸಹಿ ಹಾಕುವುದು ಮಕ್ಕಳ ಪರವಾಗಿ ಪೋಷಕರು. ರಸ್ತೆಯಲ್ಲಿ ಅಪ್ಪನ ಹೆಸರು ಹೊಣೆ ಹೊರುವುದಕ್ಕೆ, ಟ್ರ್ಯಾಕಿನಲ್ಲಿ ಅಪ್ಪನ ಸಹಿ ಬೇರೆಯವರ ಹೊಣೆ ಇಳಿಸುವುದಕ್ಕೆ.

ಆ ಮನೆಯವರನ್ನು ದೂರುವ ಮಾತಲ್ಲ ಇದು, ದಯವಿಟ್ಟು ಹಾಗೆ ಓದಬೇಡಿ. ವೇಗದ ಹುಚ್ಚಿರುವ ಹುಡುಗನನ್ನು ಬೀದಿಗೆ ಬಿಡದೆ ಟ್ರ್ಯಾಕಿಗೆ ಕರೆದುಕೊಂಡು ಹೋಗುವುದು ಸರಿಯಾದ ಕೆಲಸವೇ. ಬೀದಿ ಬಿಟ್ಟು ಟ್ರ್ಯಾಕಿಗೆ ಬನ್ನಿ ಅಂತ ರೇಸಿಂಗ್ ಕ್ಲಬ್‌ಗಳೂ ವರ್ಷಗಳಿಂದ ಹೇಳುತ್ತಲೇ ಇವೆ. ಆದರೆ ಎಂಟು ತಿಂಗಳಲ್ಲಿ ಒಂದೇ ಟ್ರ್ಯಾಕಿನಲ್ಲಿ ಎರಡು ಸಾವಾದಾಗ, 1955ರಲ್ಲಿ ಫ್ರಾನ್ಸಿನ ತನಿಖೆ ಕೇಳಿದ ಹಾಗೆ, ಚಾಲಕನನ್ನು ಬಿಟ್ಟು ಆ ಜಾಗವನ್ನು ಪ್ರಶ್ನೆ ಮಾಡಬೇಕು. ತಿರುವಿನ ಆಚೆ ಎಷ್ಟು ಖಾಲಿ ಜಾಗ ಇದೆ, ಬಿದ್ದವನ ಹಿಂದೆ ಬರುವ ಹುಡುಗನಿಗೆ ಎಷ್ಟು ಬೇಗ ಬಾವುಟ ಕಾಣುತ್ತೆ, 13ರ ಮಗುವಿಗೆ ಎಷ್ಟು ಸಿಸಿ ಸಾಕು. ಅವತ್ತು ಸಂಜೆ ಸಂತಾಪ ಸೂಚಿಸಿದರು, ಆ ವಾರಾಂತ್ಯದ ಉಳಿದ ರೇಸುಗಳನ್ನು ರದ್ದು ಮಾಡಿದರು. ಟಿವಿಯವರು ಹುಡುಗನ ಹಳೇ ಗೆಲುವಿನ ವಿಡಿಯೋಗಳನ್ನು ಹಾಕಿದರು, ಕೈಯಲ್ಲಿ ಟ್ರೋಫಿ ಹಿಡಿದು ನಗುತ್ತಿರುವುದು.